ಲೈಟರಿನ ಕಲ್ಲು

ಹಳೆಯ ಸಿಗರೇಟು ಲೈಟರುಗಳನ್ನು ಕೂಡಿಡುವವರ ಕಣ್ಣು ಮೊದಲು ಹೊಳಪಿನ ಮೇಲೆ ಬೀಳುವುದು. ನಾವಾದರೋ ಮೊದಲು ಕಲ್ಲನ್ನು ನೋಡಬೇಕೆನ್ನುತ್ತೇವೆ.

ನಮ್ಮ ಹಿರಿಯರ ಚಕಮಕಿಯಲ್ಲಿದ್ದುದು ನಿಜವಾದ ಕಲ್ಲು. ಕಿಡಿಯಾಗಿ ಉದುರುತ್ತಿದ್ದುದು ಉಕ್ಕು. ಲೈಟರಿನಲ್ಲಿ ಇದು ತಲೆಕೆಳಗು. ಅಲ್ಲಿ ಉಕ್ಕಿನ ಚಕ್ರವು ಕೆರೆಯುವುದು, ಕಲ್ಲೇ ಕಿಡಿಯಾಗುವುದು. ಆ ಕಲ್ಲಾದರೂ ಕಲ್ಲಲ್ಲ, ಲೋಹ! ಗ್ಯಾಸ್ ದೀಪದ ಮ್ಯಾಂಟಲಿಗೆ ಬೇಕಾದ ಥೋರಿಯಮನ್ನು ಮೊನಜೈಟ್ ಮರಳಿನಿಂದ ತೆಗೆದ ಮೇಲೆ ಸೀರಿಯಂ ಮೊದಲಾದ ಲೋಹಗಳು ಕಸವಾಗಿ ಉಳಿಯುತ್ತಿದ್ದುವು. ಆ ಮ್ಯಾಂಟಲನ್ನು ಕಂಡುಹಿಡಿದ ಆಸ್ಟ್ರಿಯದ ರಸಾಯನಶಾಸ್ತ್ರಜ್ಞ ಕಾರ್ಲ್ ಔಅರ್ ಫಾನ್ ವೆಲ್ಸ್‌ಬಾಖನೇ ಈ ಕಸಕ್ಕೆ ಕಬ್ಬಿಣವನ್ನು ಬೆರೆಸಿ, 1903ರಲ್ಲಿ ಪೇಟೆಂಟು ಪಡೆದನು. ಅಂತಹ ಮರಳು ತಿರುವಾಂಕೂರಿನ ಕಡಲ ತೀರದಲ್ಲಿಯೂ ಉಂಟೆಂಬುದು 1909ರಲ್ಲಿ ತಿಳಿದುಬಂದಿತು.

ಆದಕಾರಣ, ಈ ಕಲ್ಲಿಗೆಂದೇ ಚಕ್ರವನ್ನೂ ಕೊಳವೆಯನ್ನೂ ಅಳವಡಿಸಿದ ಲೈಟರನ್ನು ಯಾರಾದರೂ 1880ರದೆಂದು ಮಾರಿದರೆ ನಂಬಲಾಗದು. 1823ರಲ್ಲಿ ಡೋಬರೈನರನು ರಚಿಸಿದ ದೀಪವು ಲೈಟರುಗಳಿಗೆ ಅಜ್ಜನೇನೋ ಹೌದು. ಆದರೆ ಅದರಲ್ಲಿ ಕಲ್ಲೂ ಇಲ್ಲ, ಚಕ್ರವೂ ಇಲ್ಲ. ಸತುವೂ ಗಂಧಕಾಮ್ಲವೂ ಕೂಡಿ ಹುಟ್ಟಿದ ಜಲಜನಕವು ಪ್ಲಾಟಿನಮ್ಮಿನ ಮೇಲೆ ಹಾಯ್ದು ಹೊತ್ತಿಕೊಳ್ಳುತ್ತಿದ್ದಿತು. ಮೇಜಿನ ಮೇಲಿಡುವ ವಸ್ತುವೇ ಹೊರತು ಜೇಬಿನದಲ್ಲ.

1914-18ರ ಯುದ್ಧಕಾಲದಲ್ಲಿ ಸಿಪಾಯಿಗಳು ತೋಟೆಯ ಹಿತ್ತಾಳೆಯಿಂದ ಲೈಟರುಗಳನ್ನು ಮಾಡಿಕೊಂಡರು. ಕೆಲವರು ಮೇಲೆ ಹೆಸರನ್ನೂ ಕೆತ್ತಿದರು. ಅಂತಹುದೊಂದು ನಮ್ಮ ಕೈಗೂ ಬಂದಿತು. ಪೂಜೆಯ ಪಾತ್ರೆಯೆಂಬಂತೆ ಅದನ್ನು ಹುಣಿಸೆಹಣ್ಣು, ಇಟ್ಟಿಗೆಪುಡಿಗಳಿಂದ ಚೆನ್ನಾಗಿ ಬೆಳಗಿದೆವು. ಮೊದಲೇ ಸವೆದಿದ್ದ ನಾಲ್ಕಾರು ಅಕ್ಷರಗಳು ಆ ತಿಕ್ಕಾಟದಲ್ಲಿ ಅಳಿಸಿಹೋದುವು. ಅವನ್ನು ಬರೆದಿಟ್ಟುಕೊಳ್ಳುವ ಬುದ್ಧಿಯೂ ನಮಗೆ ಬಂದಿರಲಿಲ್ಲ.