ಕಮಾನಿನ ಬಾಗು

ಧಾರವಾಡದ ಟಾಂಗಾ ಏರಿದವರಿಗೆ ಅದರ ಉಕ್ಕಿನ ಕಮಾನುಪಟ್ಟಿಗಳು ನೆನಪಿರಬಹುದು. ೧೮೦೪ರಲ್ಲಿ ಇಂಗ್ಲೆಂಡಿನ ಒಬಾಡಯಾ ಎಲಿಯಟ್ ಸಾರೋಟುಗಳಿಗೆ ಅಳವಡಿಸಿದ ಕಮಾನುಗಳ ವಂಶವೇ ಮುಂದೆ ಲಾರಿಗೂ ಬಂದಿತು. ವಿಜಯ ಸಂಕೇಶ್ವರರು ೧೯೭೬ರಲ್ಲಿ ಒಂದೇ ಲಾರಿಯಿಂದ ಗದಗಿನಲ್ಲಿ ಆರಂಭಿಸಿದ ಸಾರಿಗೆ ಉದ್ಯಮ ಹುಬ್ಬಳ್ಳಿಯಲ್ಲಿ ಬೆಳೆಯಿತು. ನಮ್ಮದು ಲಾರಿಗಳ ಊರು.

ನನ್ನ ಸೋದರಮಾವನವರೂ ಲಾರಿ ನಡೆಸುತ್ತಿದ್ದರು. ವರ್ಷಗಳ ಭಾರಕ್ಕೆ ಮುಂದಿನ ಕಮಾನುಗಳು ಚಪ್ಪಟೆಯಾಗಿ ಲಾರಿಯ ಮೂತಿ ಕುಸಿದಾಗ, ಮಾಲೀಕರು ದಪ್ಪನೆಯ ಪಾಟಾ ಒಂದನ್ನು ಹೆಚ್ಚಿಗೆ ಹಾಕಿಸಿದರು. ಎತ್ತರವೇನೋ ಬಂದಿತು, ಆದರೆ ಪ್ರತಿಯೊಂದು ತಗ್ಗೂ ಮಾವನ ಬೆನ್ನಿಗೆ ಬಡಿಯತೊಡಗಿತು. ಅವರು ನಿಂತೇ ಉಣ್ಣುವಂತಾಯಿತು. ವಿಜ್ಞಾನದ ಮಾಸ್ತರನಾದ ನಾನು ಲೆಕ್ಕ ಬಲ್ಲೆ: ಪಾಟಾದ ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಪಟ್ಟು. ಮದ್ದು ಬಲ್ಲವನಲ್ಲ.

ಬಲ್ಲವರು ಹುಬ್ಬಳ್ಳಿಯ ಒಬ್ಬ ವೃದ್ಧ ಮೇಸ್ತ್ರಿ. “ಪಾಟಾ ಏರಸೂದು ಬ್ಯಾಡ್ರಿ, ಬಾಗು ಏರಸೂಣು” ಎಂದು ಹೆಚ್ಚಿನದನ್ನು ತೆಗೆದರು. ಹಳೆಯವನ್ನೇ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಮೆಲ್ಲಗೆ ಕಾಯಿಸಿ ಹದಗೊಳಿಸಿದರು. ಬಿಗಿತ ಪಾಟಾಗಳ ದಪ್ಪ, ಅಗಲ, ಉದ್ದ, ಸಂಖ್ಯೆಗಳನ್ನು ಅವಲಂಬಿಸುತ್ತದೆಯೇ ಹೊರತು ಬಾಗನ್ನು ಅಷ್ಟಾಗಿ ಅಲ್ಲ. ಮೂತಿ ಮೇಲೆದ್ದಿತು, ಮೆದುತನ ಉಳಿಯಿತು.

ಆ ವರ್ಷದ ದೀಪಾವಳಿಗೆ ಮಾವ ನಮ್ಮೊಡನೆ ಪಂಕ್ತಿಯಲ್ಲಿ ಕುಳಿತು ಉಂಡರು.