ಅಟ್ಟದ ಮೇಲಿನ ಕಾಯಿ: ಕಲ್ಪತರು ನಾಡಿನ ವಲಸೆ ಮತ್ತು ಮರಳುವಿಕೆಯ ಚರಿತ್ರೆ

ತುಮಕೂರು ಜಿಲ್ಲೆಯ ಪಶ್ಚಿಮಕ್ಕಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸೀಮೆಗೆ ಕಲ್ಪತರು ನಾಡು ಎಂಬ ಹೆಸರು ರೂಢಿಯಲ್ಲಿದೆ. ತಿಪಟೂರು ಪೇಟೆಯ ಮುಖ್ಯ ಬೀದಿಯನ್ನು ಜನ ಬಿ.ಎಚ್. ರಸ್ತೆ ಎನ್ನುತ್ತಾರೆ; ಬೆಂಗಳೂರು–ಹೊನ್ನಾವರ ರಸ್ತೆ ಎಂಬುದರ ಈ ಸಂಕ್ಷಿಪ್ತ ರೂಪದಲ್ಲಿ ರಾಜಧಾನಿಯೂ ಅರಬ್ಬೀ ಸಮುದ್ರದ ದಡವೂ ಒಂದೊಂದು ಅಕ್ಷರವಾಗಿ ಉಳಿದುಕೊಂಡಿವೆ. ಕಡಲಿನಿಂದ 150 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದು, ಕಡಲತೀರದ ಮರವನ್ನೇ ತನ್ನ ಬದುಕಿನ ಆಧಾರವಾಗಿ ಮಾಡಿಕೊಂಡಿರುವ ಈ ಸೀಮೆಯಿಂದ ಬೆಂಗಳೂರಿಗೆ ಹೋದವರು ಎಷ್ಟೋ ಮಂದಿ. ಅಲ್ಲಿಂದ ಮರಳಿದವರೂ ಕಡಿಮೆಯೇನಲ್ಲ. ದೊಡ್ಡ ನಗರವನ್ನು ಬಿಟ್ಟು ಸದ್ದಿಲ್ಲದ ಸಣ್ಣ ಊರಿನಲ್ಲಿ ನೆಲೆಸುವುದನ್ನು ಈಚಿನ ವರ್ಷಗಳ ಹೊಸ ಒಲವೆಂದು ಭಾವಿಸುವುದುಂಟು. ಈ ಮೂರು ತಾಲ್ಲೂಕುಗಳ ಮಟ್ಟಿಗೆ ಅದು ಹಳೆಯ ಪದ್ಧತಿಯೊಂದರ ಮುಂದುವರಿಕೆ ಮಾತ್ರ, ಮತ್ತು ಆ ಪದ್ಧತಿಯನ್ನು ಸಾಧ್ಯವಾಗಿಸಿದ್ದು ಕೊಬ್ಬರಿ ಮಾಡುವ ಕ್ರಮ ಎಂಬುದು ಇಲ್ಲಿನ ವಾದ.

ತೆಂಗು ಸ್ವಭಾವತಃ ಸಮುದ್ರದ ಅಂಚಿನ ಮರ. ನಾರಿನ ಸಿಪ್ಪೆಯಿಂದಾಗಿ ನೀರಿನಲ್ಲಿ ತೇಲಬಲ್ಲ ಅದರ ಕಾಯಿ ಒಂದು ದಡದಿಂದ ಇನ್ನೊಂದು ದಡಕ್ಕೆ ತಾನಾಗಿ ಸಾಗಬಲ್ಲುದಾದರೂ ಬಯಲುಸೀಮೆಯ ಎತ್ತರಕ್ಕೆ ಏರಬೇಕಾದರೆ ಮನುಷ್ಯನ ಕೈಯೇ ಬೇಕು. ತೆಂಗು ಎಂಬ ಹೆಸರಿನಲ್ಲಿ ದಕ್ಷಿಣ ದಿಕ್ಕನ್ನು ಸೂಚಿಸುವ ‘ತೆನ್’ ಎಂಬ ಧಾತುವಿದೆಯೆಂದೂ, ಆದ್ದರಿಂದ ಅದು ತೆಂಕಣದಿಂದ ಬಂದ ಕಾಯಿಯೆಂದೂ ಕೆಲವು ಭಾಷಾವಿದ್ವಾಂಸರು ಊಹಿಸಿದ್ದಾರೆ. ತಿಪಟೂರು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಇಲ್ಲಿ ಅದರ ಕಾಲುಭಾಗವನ್ನೂ ಮುಟ್ಟುವುದು ಅಪರೂಪ. ಹೀಗಾಗಿ ಇಲ್ಲಿನ ತೆಂಗು ಮೊದಲು ಬೇರೂರಿದ್ದು ಕೆರೆಯ ಏರಿಯ ಹಿಂದೆ, ಹಳ್ಳದ ಮಗ್ಗುಲಲ್ಲಿ, ನೀರಿನ ಪಸೆ ಬೇಸಿಗೆಯಲ್ಲೂ ಆರದ ತಗ್ಗಿನಲ್ಲಿ. ಎತ್ತುಗಳನ್ನು ಕಟ್ಟಿ ಚರ್ಮದ ಚೀಲದಿಂದ ಬಾವಿಯ ನೀರೆತ್ತುವ ಕಪಿಲೆಯ ಕಾಲದವರೆಗೂ ತೋಟವೆಂದರೆ ಅಷ್ಟೇ. ಉಳಿದದ್ದೆಲ್ಲ ಬೆದ್ದಲು, ಅಂದರೆ ಮಳೆಯನ್ನೇ ನಂಬಿದ ರಾಗಿ, ಹುರುಳಿಯ ಹೊಲ.

ಮರದಂತೆಯೇ ಇಲ್ಲಿನ ಜನರಲ್ಲಿಯೂ ಬೇರೆಡೆಯಿಂದ ಬಂದು ನೆಲೆಸಿದವರು ಹಲವರಿದ್ದರು. ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ, 1263ರಲ್ಲಿ, ದಂಡನಾಯಕ ಸೋಮನು ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದ ತುರುವೇಕೆರೆ ಒಂದು ಅಗ್ರಹಾರವಾಗಿತ್ತು. ವೇದಾಧ್ಯಯನ ಮಾಡಿದ ಕುಟುಂಬಗಳಿಗೆ ಭೂಮಿಯನ್ನು ತೆರಿಗೆಯಿಲ್ಲದೆ ದಾನವಿತ್ತು ನೆಲೆಗೊಳಿಸಿದ ಊರನ್ನು ಅಗ್ರಹಾರವೆನ್ನುತ್ತಾರೆ. ಚಿಕ್ಕನಾಯಕನಹಳ್ಳಿಯ ಹೆಸರು ಹಾಗಲವಾಡಿಯ ಪಾಳೆಯಗಾರರ ವಂಶದ ಚಿಕ್ಕನಾಯಕನಿಂದ ಬಂದದ್ದು. ಪಾಳೆಯಗಾರರೆಂದರೆ ಸೈನ್ಯವನ್ನಿಟ್ಟುಕೊಂಡು ಸುತ್ತಲಿನ ಸೀಮೆಯನ್ನಾಳುತ್ತಿದ್ದ ಸ್ಥಳೀಯ ನಾಯಕರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಬೇಸಾಯ ಮತ್ತು ವ್ಯಾಪಾರದ ಸ್ಥಿತಿಯನ್ನು ವರದಿಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಚಿಕ್ಕನಾಯಕನಹಳ್ಳಿಯನ್ನು ಹಾದುಹೋದನು. ಈ ಭಾಗದ ತೆಂಗು ಮತ್ತು ಅಡಿಕೆ ತೋಟಗಳು ಅವನ ವರದಿಯಲ್ಲಿ ದಾಖಲಾಗಿವೆ. ರೈಲು ಬರುವುದಕ್ಕೆ ಎಂಟು ದಶಕಗಳ ಮೊದಲೇ ತೆಂಗು ಇಲ್ಲಿ ವ್ಯಾಪಾರದ ಬೆಳೆಯಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ರೈಲು ಈ ಸೀಮೆಯ ಊರುಗಳ ತಾರತಮ್ಯವನ್ನೇ ತಿರುವುಮುರುವು ಮಾಡಿತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಬಂದ ಹಳಿ, ತಿಪಟೂರು ಮತ್ತು ಅರಸೀಕೆರೆಗಳ ಮೂಲಕ 1889ರ ಹೊತ್ತಿಗೆ ಹರಿಹರವನ್ನು ಮುಟ್ಟಿತು. ಅದುವರೆಗೆ ತಾಲ್ಲೂಕಿನ ಕೇಂದ್ರವಾಗಿದ್ದ ಹೊನ್ನವಳ್ಳಿಯಿಂದ ಕಚೇರಿ ತಿಪಟೂರಿಗೆ ಬಂದದ್ದು ಆ ಶತಮಾನದ ಕೊನೆಯ ದಶಕಗಳಲ್ಲಿಯೇ. ಹೊನ್ನವಳ್ಳಿ ಹೋಬಳಿಯ ಊರಾಗಿ ಉಳಿಯಿತು; ತಿಪಟೂರಿನಲ್ಲಿ ಮಂಡಿಗಳು, ಅಂದರೆ ಸಗಟು ವ್ಯಾಪಾರದ ಅಂಗಡಿಗಳು, ಸಾಲುಗಟ್ಟಿದವು. ಎತ್ತಿನ ಗಾಡಿಯಲ್ಲಿ ಸಂತೆಗೆ ಹೋಗುತ್ತಿದ್ದ ಸರಕು ಉತ್ತರ ಭಾರತದ ಪೇಟೆಗಳನ್ನು ತಲುಪುವಂತಾಯಿತು. ಉತ್ತರದವರಿಗೆ ಕೊಬ್ಬರಿ ಒಣಹಣ್ಣುಗಳ ಸಾಲಿನಲ್ಲಿ ಸೇರುವ ತಿನಿಸು. ಮದುವೆ, ಹಬ್ಬ, ಸಿಹಿತಿಂಡಿಗಳಿಗೆ ಅವರು ಬಯಸುವುದು ಹೋಳಾಗದ ಇಡಿಯ ಕೊಬ್ಬರಿಯನ್ನು. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಇಂದು ಉಂಡೆ ಕೊಬ್ಬರಿಯ ವಹಿವಾಟಿಗೆ ದೇಶದಲ್ಲೇ ಹೆಸರಾಗಿದ್ದು, ವಾರಕ್ಕೆ ಎರಡು ದಿನ ಅಲ್ಲಿ ನಿರ್ಧಾರವಾಗುವ ಧಾರಣೆಯತ್ತ ಸುತ್ತಲಿನ ಜಿಲ್ಲೆಗಳ ಬೆಳೆಗಾರರೆಲ್ಲರ ಕಣ್ಣಿರುತ್ತದೆ.

ಈ ಉಂಡೆ ಕೊಬ್ಬರಿ, ಅಥವಾ ಗಿಟುಕ, ತಯಾರಾಗುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ವಲಸೆಯ ಚರಿತ್ರೆಯ ಕೀಲಿ ಅಲ್ಲಿದೆ. ಕರಾವಳಿಯಲ್ಲಿ ಕಾಯನ್ನು ಒಡೆದು ಹೋಳುಗಳನ್ನು ಒಣಗಿಸಿ ಗಾಣಕ್ಕೆ ಕಳುಹಿಸುವುದು ಹೆಚ್ಚು. ತಿಪಟೂರಿನ ಕಡೆ ಚೆನ್ನಾಗಿ ಬಲಿತ ಕಾಯನ್ನು ಸುಲಿಯದೆ, ಸಿಪ್ಪೆಸಮೇತ, ಕೊಬ್ಬರಿ ಮನೆಯ ಅಟ್ಟಕ್ಕೆ ಏರಿಸುತ್ತಾರೆ. ನೆಲದಿಂದ ಆಳೆತ್ತರಕ್ಕೂ ಮೇಲೆ, ಗಾಳಿಯಾಡಲು ಸಂದುಗಳನ್ನು ಬಿಟ್ಟು, ಬಿದಿರಿನ ಗಳಗಳನ್ನೋ ಮರದ ಪಟ್ಟಿಗಳನ್ನೋ ಹಾಸಿದ ಮಾಳಿಗೆಯೇ ಅಟ್ಟ. ಮಳೆಗಾಲದಲ್ಲಿ ಕೆಳಗಡೆ ಸಣ್ಣಗೆ ಹೊಗೆ ಹಾಕುವುದೂ ಉಂಟು. ಅಲ್ಲಿ ಎಂಟರಿಂದ ಹನ್ನೆರಡು ತಿಂಗಳು ಕಾಯಿ ಸುಮ್ಮನೆ ಬಿದ್ದಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಬಿಗಿದುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಾಗ ನೀರಿನ ಸದ್ದಿರದೆ ಗಟ್ಟಿಯಾದ ಉಂಡೆ ಕರಟಕ್ಕೆ ತಾಗುವ ಲೊಡಲೊಡ ಸದ್ದು ಕೇಳಿದರೆ ಕಾಯಿ ಹದಕ್ಕೆ ಬಂದಿದೆಯೆಂದು ಅರ್ಥ. ಬಳಿಕ ನೆಲಕ್ಕೆ ನೆಟ್ಟ ಚೂಪಾದ ಕಬ್ಬಿಣಕ್ಕೆ ಚುಚ್ಚಿ ಸಿಪ್ಪೆ ಸುಲಿದು, ಕರಟದ ಮೇಲೆ ಲೆಕ್ಕದ ಏಟುಗಳನ್ನು ಹಾಕಿ, ಒಳಗಿನ ಉಂಡೆಗೆ ಬಿರುಕು ಬಾರದಂತೆ ಬಿಡಿಸುತ್ತಾರೆ. ಏಟು ಒಂದಿಷ್ಟು ಹೆಚ್ಚಾದರೆ ಉಂಡೆ ಹೋಳಾಗಿ ಬೆಲೆ ಇಳಿಯುತ್ತದೆ. ಸಿಪ್ಪೆ ನಾರಿನ ಗಿರಣಿಗೂ, ಕರಟ ಇದ್ದಿಲಿಗೋ ಒಲೆಗೋ ಸಲ್ಲುತ್ತವೆ.

ಹೊಂಬಾಳೆ, ಅಂದರೆ ತೆಂಗಿನ ಹೂಗೊಂಚಲು, ಒಡೆದ ಮೇಲೆ ಕಾಯಿ ಬಲಿಯಲು ಸುಮಾರು ಒಂದು ವರ್ಷ. ಅಟ್ಟದಲ್ಲಿ ಸುಮಾರು ಇನ್ನೊಂದು ವರ್ಷ. ಹೂವಿನಿಂದ ಹಣದವರೆಗೆ ಎರಡು ವರ್ಷ ಹಿಡಿಯುವ ಬೆಳೆ ರಾಗಿಯಂತೆ ದಿನದಿನದ ಹಾಜರಿಯನ್ನು ಕೇಳುವುದಿಲ್ಲ. ಅಟ್ಟದ ಮೇಲಿನ ಕಾಯಿ ಕೆಡದ ಉಳಿತಾಯ. ಧಾರಣೆ ಕುಸಿದಾಗ ಇಟ್ಟುಕೊಳ್ಳಬಹುದು, ಮದುವೆಗೋ ಮಗನ ಕಾಲೇಜಿನ ಶುಲ್ಕಕ್ಕೋ ಬೇಕಾದಾಗ ಇಳಿಸಬಹುದು. ರೇಷ್ಮೆಯ ಮನೆಯವರು ಹುಳಕ್ಕೆ ಸೊಪ್ಪು ಹಾಕುವುದನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ತೆಂಗಿನ ಒಡೆಯನಾದರೋ ತಿಂಗಳಿಗೊಮ್ಮೆ ಬಂದು, ಬಿದ್ದ ಕಾಯಿಯ ಲೆಕ್ಕ ನೋಡಿ, ಮರಳಿ ಬೆಂಗಳೂರಿನ ಬಸ್ಸು ಹತ್ತಬಹುದು. ಈ ಬಿಡುವೇ ಸೀಮೆಯ ಜನರಿಗೆ ಊರು ಬಿಡುವ ಧೈರ್ಯವನ್ನೂ, ಬಿಟ್ಟ ಮೇಲೂ ಊರಿನ ಹಕ್ಕನ್ನು ಉಳಿಸಿಕೊಳ್ಳುವ ದಾರಿಯನ್ನೂ ಒದಗಿಸಿತು.

ಹೀಗೆ ಹೊರಟವರಿಗೆ ನಗರದಲ್ಲಿ ಮೊದಲ ನೆರಳನ್ನು ಕೊಟ್ಟವರಲ್ಲಿ ನೆರೆಯ ಗುಬ್ಬಿಯವರಾದ ತೋಟದಪ್ಪನವರ ಹೆಸರು ದೊಡ್ಡದು. ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ವರ್ತಕರಾಗಿ ಏಳಿಗೆ ಕಂಡ ಅವರು 1903ರಲ್ಲಿ ರೈಲು ನಿಲ್ದಾಣದ ಹತ್ತಿರ ಪ್ರಯಾಣಿಕರಿಗಾಗಿ ಛತ್ರವನ್ನೂ, 1905ರಲ್ಲಿ ವೀರಶೈವ ವಿದ್ಯಾರ್ಥಿಗಳಿಗಾಗಿ ಉಚಿತ ವಿದ್ಯಾರ್ಥಿನಿಲಯವನ್ನೂ ತೆರೆದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಓದಿ ಕನ್ನಡದ ಹಿರಿಯ ವಿದ್ವಾಂಸರಾದದ್ದು ವಿದ್ಯೆಗಾಗಿ ಊರು ಬಿಟ್ಟವರ ಪರಂಪರೆಯ ಪ್ರಸಿದ್ಧ ನಿದರ್ಶನ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಕಾರ್ಖಾನೆಗಳು ಹಳೇ ಮೈಸೂರಿನ ಹಳ್ಳಿಗಳ ಓದಿದ ಹುಡುಗರನ್ನು ಕರೆದುಕೊಂಡವು. ಮುಂದೆ ತುಮಕೂರು ರಸ್ತೆಯ ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದಾಗ ಈ ಸೀಮೆಯಿಂದ ಬಂದವರಿಗೆ ನಗರದ ಬಾಗಿಲೇ ಕೆಲಸದ ಜಾಗವಾಯಿತು. 2001ರಲ್ಲಿ 65 ಲಕ್ಷದಷ್ಟಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 96 ಲಕ್ಷವನ್ನು ದಾಟಿತು. ಅದೇ ಗಣತಿಯಲ್ಲಿ ತಿಪಟೂರು ಪಟ್ಟಣದ್ದು ಸುಮಾರು 60 ಸಾವಿರ.

ಮರಳುವಿಕೆಯ ಮೊದಲ ರೂಪ ನಿವೃತ್ತಿ. ಕಾರ್ಖಾನೆ, ಶಾಲೆ, ಸರ್ಕಾರಿ ಕಚೇರಿಗಳಲ್ಲಿ ದುಡಿದವರು ನಗರದ ಮನೆಯನ್ನು ಮಕ್ಕಳಿಗೋ ಬಾಡಿಗೆಗೋ ಬಿಟ್ಟು, ಭವಿಷ್ಯನಿಧಿಯ ಹಣದಲ್ಲಿ ಕೊಳವೆಬಾವಿ ಕೊರೆಸಿ, ತೋಟದ ಮನೆಗೆ ಬಂದು ನೆಲೆಸುವುದು ಈ ಸೀಮೆಯಲ್ಲಿ ಸಾಮಾನ್ಯವಾಯಿತು. ಪಂಪ್‌ಸೆಟ್ಟು ಮತ್ತು ಕೊಳವೆಬಾವಿಗಳಿಂದಾಗಿ ಕೆರೆಯ ಹಿಂದಿನ ತಗ್ಗಿನಿಂದ ಬೆದ್ದಲಿಗೆ ತೆಂಗು ಹಬ್ಬಿದ್ದರ ಹಿಂದೆ ಹೀಗೆ ನಗರದಿಂದ ಬಂದ ಹಣದ ಪಾಲೂ ಇದೆ. ಎರಡನೆಯ ರೂಪ ಆಪತ್ತಿನಲ್ಲಿ ಮರಳುವುದು. 2020ರ ಮಾರ್ಚಿನಲ್ಲಿ ದೇಶದಾದ್ಯಂತ ಲಾಕ್‌ಡೌನ್ ಘೋಷಣೆಯಾದಾಗ, ಬೆಂಗಳೂರಿನ ಕೆಲಸ ನಿಂತವರೂ ಮನೆಯಿಂದಲೇ ಕೆಲಸ ಮಾಡಬಲ್ಲವರೂ ಹಳ್ಳಿಯ ಮನೆಗಳಿಗೆ ಬಂದು ಸೇರಿದರು. ಮೂರನೆಯದು, ಊರಿನ ನಂಟಿಲ್ಲದವರು ಭೂಮಿ ಕೊಂಡು ಬರುವುದು. ಗೇಣಿಯನ್ನು, ಅಂದರೆ ಬೇರೆಯವರ ಭೂಮಿಯನ್ನು ಗುತ್ತಿಗೆಗೋ ಪಾಲಿಗೋ ಉಳುವ ಪದ್ಧತಿಯನ್ನು, 1974ರ ತಿದ್ದುಪಡಿಯಿಂದ ರದ್ದುಮಾಡಿದ ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರ ಜಮೀನು ಖರೀದಿಗೆ ತಡೆಯೊಡ್ಡಿದ್ದವು. 2020ರಲ್ಲಿ ಆ ಕಲಮುಗಳನ್ನು ತೆಗೆದುಹಾಕಿದ ಮೇಲೆ ಬೆಂಗಳೂರಿನಿಂದ ಮೂರು ಗಂಟೆಯ ದಾರಿಯಲ್ಲಿರುವ ತೋಟಗಳನ್ನು ಕೊಳ್ಳಲು ನಗರದವರಿಗೆ ಕಾನೂನಿನ ಅಡ್ಡಿ ಉಳಿಯಲಿಲ್ಲ.

ಹಿಂದಿನವರು ಮರಳಿದ್ದು ಅಟ್ಟವಿದ್ದ ಮನೆಗೆ. ಹೊಸದಾಗಿ ಬರುವವರು ಕೊಳ್ಳುವುದು ಮರಗಳನ್ನು. ಈ ವ್ಯತ್ಯಾಸ ಸಣ್ಣದಲ್ಲ. ತೋಟದಲ್ಲಿ ಕಾಣುವ ನೆಮ್ಮದಿ ಹಲವರ ದುಡಿಮೆಯ ಮೇಲೆ ನಿಂತಿದೆ: ಮರ ಹತ್ತಿ ಕಾಯಿ ಕೆಡಹುವವರು, ಕಾಯಿ ಆರಿಸಿ ಅಟ್ಟಕ್ಕೆ ಸಾಗಿಸುವವರು, ದಿನವಿಡೀ ಬಗ್ಗಿ ಸುಲಿಯುವವರು, ಕುಳಿತು ಕರಟ ಬಿಡಿಸುವ ಹೆಂಗಸರು. ಇವರ ಮಕ್ಕಳೂ ಓದಿ ಅದೇ ಬೆಂಗಳೂರಿನ ಬಸ್ಸು ಹತ್ತಿರುವುದರಿಂದ ಕೊಬ್ಬರಿ ಸುಲಿಯುವ ಆಳುಗಳಿಗೆ ಇಂದು ಹುಡುಕಾಟ ನಡೆದಿದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಬೇಗನೆ ಇತ್ತ ಹಬ್ಬಿದ ನುಸಿ ಪೀಡೆ, ಅಂದರೆ ಎಳೆಗಾಯಿಯ ತೊಟ್ಟಿನಡಿ ಸೇರಿ ರಸ ಹೀರುವ ಅತಿಸೂಕ್ಷ್ಮ ಜೀವಿಯ ಬಾಧೆ, ಕಾಯಿಯನ್ನು ಕುಗ್ಗಿಸಿತು. ಅದರ ಹಿಂದೆಯೇ ಬರಗಾಲ, ಅಣಬೆ ರೋಗ, ಬತ್ತಿದ ಕೊಳವೆಬಾವಿಗಳು ಬಂದವು. ಹೇಮಾವತಿ ನದಿಯ ನಾಲೆಯ ನೀರು ಕೆರೆ ಸೇರಿದ ಊರಿನ ತೋಟಕ್ಕೂ ಸೇರದ ಊರಿನ ತೋಟಕ್ಕೂ ಬೇಸಿಗೆಯಲ್ಲಿ ಕಣ್ಣಿಗೆ ರಾಚುವ ಅಂತರವಿರುತ್ತದೆ.

ಧಾರಣೆಯೂ ನಂಬಿಕೆಗೆ ಅರ್ಹವಲ್ಲ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ 2023ರ ಸಾಲಿನಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಘೋಷಿಸಿದ್ದಾಗಲೇ ತಿಪಟೂರಿನ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಗೂ ಮೇಲೇರಿತು. ಎರಡು ವರ್ಷ ಅಟ್ಟದಲ್ಲಿ ಕಾಯಿ ಇಟ್ಟುಕೊಳ್ಳುವ ಶಕ್ತಿಯಿದ್ದವನಿಗೆ ಇದು ಅದೃಷ್ಟ, ಸಾಲಕ್ಕಾಗಿ 2023ರಲ್ಲೇ ಮಾರಿದವನಿಗೆ ನಷ್ಟ. ಏರಿದ ಬೆಲೆಗೂ ಇಳುವರಿ ತಗ್ಗಿದ್ದೇ ಮುಖ್ಯ ಕಾರಣವಾಗಿದ್ದರಿಂದ ಮಾರಲು ಹೆಚ್ಚು ಕೊಬ್ಬರಿ ಇದ್ದವರೂ ಕೆಲವರೇ.

ಆದ್ದರಿಂದ ನಗರದಿಂದ ಕಲ್ಪತರು ನಾಡಿಗೆ ಬಂದು ನಿಂತವರು ಯಾರೆಂದು ಕೇಳಿದರೆ ಚರಿತ್ರೆಯ ಉತ್ತರ ಸ್ಪಷ್ಟ: ಬೇರೊಂದು ಆದಾಯವನ್ನು ಕೈಯಲ್ಲಿಟ್ಟುಕೊಂಡು ಬಂದವರು, ಮತ್ತು ಬಾರದಿದ್ದ ದಿನಗಳಲ್ಲಿಯೂ ತಮ್ಮ ಪರವಾಗಿ ತೋಟ ನೋಡುವ ಅಣ್ಣತಮ್ಮಂದಿರನ್ನೂ ಆಳುಕಾಳನ್ನೂ ಊರಿನಲ್ಲಿ ಉಳಿಸಿಕೊಂಡಿದ್ದವರು. ತೆಂಗೊಂದನ್ನೇ ನೆಚ್ಚಿ, ನೆಮ್ಮದಿಯನ್ನು ಮಾತ್ರ ಅರಸಿ ಬಂದವರಿಗೆ ಈ ಬೆಳೆಯ ನಿಧಾನವೇ ಮೊದಲ ಪರೀಕ್ಷೆ. ಇಲ್ಲಿನ ನಾಟಿ ತಳಿಯಾದ ತಿಪಟೂರು ಎತ್ತರದ ತೆಂಗಿನ ಸಸಿಯನ್ನು ಇಂದು ನೆಟ್ಟರೆ ಹೊಂಬಾಳೆ ಕಾಣಲು ಆರರಿಂದ ಎಂಟು ವರ್ಷ ಬೇಕು. ಆ ಹೊಂಬಾಳೆಯ ಕಾಯಿ ಅಟ್ಟದಿಂದ ಕೊಬ್ಬರಿಯಾಗಿ ಇಳಿಯಲು ಮತ್ತೆರಡು ವರ್ಷ.