ಹಳೆಯ ಸೀಸದ ಗುಂಡು: ಹಾರಿಸುವುದೋ, ಕರಗಿಸುವುದೋ?

ಮಲೆನಾಡು, ಕೊಡಗಿನ ಕಡೆ '12 ಬೋರ್ ಕೋವಿ' ಎಂಬ ಹೆಸರು ಕೇಳದವರು ಕಡಿಮೆ. ಆದರೆ ಆ 12 ಎಲ್ಲಿಂದ ಬಂತು ಎಂದರೆ ನಮ್ಮ ಬಳಗದಲ್ಲೇ ಹಲವರಿಗೆ ಗೊತ್ತಿರಲಿಲ್ಲ. ಅದು ಇಂಚಿನ ಲೆಕ್ಕವಲ್ಲ, ತೂಕದ ಲೆಕ್ಕ. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಸೀಸವನ್ನು ಸಮನಾಗಿ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪ ಬರುತ್ತದೋ ಅಷ್ಟು ಅಗಲದ ನಳಿಗೆ ಅದು. ಅದೇ ಸೀಸವನ್ನು 16 ಉಂಡೆ ಮಾಡಿದರೆ ಉಂಡೆ ಸಣ್ಣದಾಗುತ್ತದೆ. ಅದಕ್ಕೇ 16 ಬೋರ್ ನಳಿಗೆ 12 ಬೋರಿಗಿಂತ ಕಿರಿದು.

ಕೋವಿ ಇದ್ದವರು ಸೀಸ ಕೊಂಡು ತಂದು, ಕರಗಿಸಿ, ತಾವೇ ಗುಂಡು ಎರಕ ಹೊಯ್ದುಕೊಳ್ಳುತ್ತಿದ್ದ ಕಾಲದ ಲೆಕ್ಕವಿದು. ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಬ್ಬಿಣಕ್ಕೆ ಬೇಕಾದ ಕುಲುಮೆ ಇದಕ್ಕೆ ಬೇಡ, ಸೌದೆ ಒಲೆ ಸಾಕು. ಸುಲಭವಾಗಿ ಕರಗುವುದರಿಂದಲೇ ಒಂದು ಪ್ರಶ್ನೆ ಹುಟ್ಟಿಕೊಂಡಿತು. ಹಿಂದೆ ಯಾರೋ ಎರಕ ಹೊಯ್ದಿಟ್ಟ ಗುಂಡುಗಳು ಕೈಗೆ ಬಂದರೆ ಏನು ಮಾಡಬೇಕು? ಹಾಗೇ ಹಾರಿಸಬೇಕೋ, ಕರಗಿಸಿ ಹೊಸದು ಮಾಡಬೇಕೋ?

ಅಮೆರಿಕದಲ್ಲಿ ಮನೆಯಲ್ಲೇ ಗುಂಡು ಎರಕ ಹೊಯ್ಯುವವರು ಈಗಲೂ ಇದನ್ನು ಕೇಳಿಕೊಳ್ಳುತ್ತಾರೆ. ಅವರ ಪ್ರಶ್ನೆಯ ಹಿಂದೆ 250 ವರ್ಷದ ಕಥೆ ಇದೆ. ಅದನ್ನು ಹುಡುಕುತ್ತಾ ಹೋದ ನಮಗೆ ಮೂರನೆಯ ಉತ್ತರವೊಂದೂ ಸಿಕ್ಕಿತು.

ರಾಜನ ಪ್ರತಿಮೆ ಗುಂಡಾಯಿತು

1776ರ ಜುಲೈ 9. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ನ್ಯೂಯಾರ್ಕ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಅವರ ಸೈನಿಕರಿಗೆ ಓದಿ ಹೇಳಲಾಯಿತು. ಆ ದಿನವೇ ಜನ ಬೌಲಿಂಗ್ ಗ್ರೀನ್ ಎಂಬಲ್ಲಿಗೆ ನುಗ್ಗಿ ಇಂಗ್ಲೆಂಡಿನ ರಾಜ ಮೂರನೇ ಜಾರ್ಜನ ಪ್ರತಿಮೆಯನ್ನು ಹಗ್ಗ ಕಟ್ಟಿ ಕೆಡವಿದರು. ಕುದುರೆ ಮೇಲೆ ಕೂತ ರಾಜ, ಮೇಲೆ ಚಿನ್ನದ ಲೇಪ, ಒಳಗೆ ಸೀಸ. ಅದನ್ನು ನಿಲ್ಲಿಸಿ ಆರು ವರ್ಷವಷ್ಟೇ ಆಗಿತ್ತು.

ತುಂಡುಗಳನ್ನು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಊರಿಗೆ, ಆಲಿವರ್ ವೊಲ್ಕಾಟ್ ಅವರ ಮನೆಗೆ ಸಾಗಿಸಿದರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಅಲ್ಲಿ ಒಲೆ ಮುಂದೆ ಕೂತವರು ಸಿಪಾಯಿಗಳಲ್ಲ, ಹೆಂಗಸರು ಮತ್ತು ಮಕ್ಕಳು. ಯಾರು ಎಷ್ಟು ಗುಂಡು ಮಾಡಿದರು ಎಂಬ ಲೆಕ್ಕವನ್ನು ವೊಲ್ಕಾಟ್ ಬರೆದಿಟ್ಟರು. ರೂತ್ ಮಾರ್ವಿನ್ 11,592. ವೊಲ್ಕಾಟ್ ಅವರ ಮಗಳು ಲಾರಾ 8,378. ಇನ್ನೊಬ್ಬ ಮಗಳು, 11 ವರ್ಷದ ಮೇರಿ ಆ್ಯನ್ 10,790. ಇನ್ನೂ ಹತ್ತು ತುಂಬದ ಮಗ ಫ್ರೆಡರಿಕ್ 936. ಎಲ್ಲ ಸೇರಿ 42,088.

ಆ ಮನೆಯಲ್ಲಿ ಕರಗಿಸುವುದೋ ಬೇಡವೋ ಎಂಬ ಚರ್ಚೆಗೆ ಜಾಗವಿರಲಿಲ್ಲ, ಯುದ್ಧಕ್ಕೆ ಗುಂಡು ಬೇಕಿತ್ತು. ಆದರೆ ಸೀಸ ವಿಷ. ಅದರಲ್ಲೂ ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ದೊಡ್ಡದು. ಇಷ್ಟು ಸೀಸ ಮೈಗೆ ಸೇರಿದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೇರಿ ಆ್ಯನ್ ಹೆಸರಿನ ಮುಂದಿನ 10,790 ಎಂಬ ಅಂಕಿ ನೋಡಿದಾಗ ನಮಗೆ ದೇಶಪ್ರೇಮದ ಜೊತೆಗೆ ಆ ಹುಡುಗಿಯ ಕೈಗಳೂ ಕಣ್ಮುಂದೆ ಬಂದವು.

ಪ್ರತಿಮೆಯ ಕೆಲವು ತುಂಡುಗಳು ಒಲೆಗೆ ಬೀಳದೆ ಉಳಿದವು. ಕುದುರೆಯ ಬಾಲದ ಭಾಗ ಸುಮಾರು ನೂರು ವರ್ಷದ ನಂತರ ಕನೆಕ್ಟಿಕಟ್‌ನ ಜೌಗು ನೆಲದಲ್ಲಿ ಸಿಕ್ಕಿ, ಈಗ ನ್ಯೂಯಾರ್ಕ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಹಾರಿದ ಗುಂಡನ್ನೇ ಆಯ್ದರು

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ರಾಜ್ಯಗಳಿಗೆ ಸೀಸದ ಕೊರತೆ ಬಹಳ ಕಾಡಿತು. ಕಿಟಕಿಗಳಲ್ಲಿ ತೂಕಕ್ಕೆಂದು ತೂಗುಬಿಟ್ಟಿದ್ದ ಸೀಸ, ನೀರಿನ ಕೊಳವೆ, ಎಲ್ಲವನ್ನೂ ಸಂಗ್ರಹಿಸಿದರು. ವರ್ಜೀನಿಯಾದ ಬುಲ್ ರನ್ ಯುದ್ಧಭೂಮಿಯಲ್ಲಿ ಬಿದ್ದಿದ್ದ ಸೀಸವನ್ನೂ ಆಯ್ದು ತಂದರು. ಸುಗ್ಗಿ ಮುಗಿದ ಹೊಲದಲ್ಲಿ ಉದುರಿದ ತೆನೆ ಆಯುವಂತೆ. ಒಮ್ಮೆ ಹಾರಿದ ಗುಂಡು ಕರಗಿ ಮತ್ತೆ ಗುಂಡಾಯಿತು.

ಅಚ್ಚುಮೊಳೆಯ ನಂಟು

ಆಗಿನ ಗುಂಡಿಗೆ ಮೆತ್ತನೆಯ ಸೀಸ ಸಾಕಿತ್ತು. 19ನೇ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂದು ಗುಂಡಿನ ವೇಗ ಹೆಚ್ಚಿತು. ಆ ವೇಗಕ್ಕೆ ಮೆತ್ತನೆಯ ಸೀಸ ನಳಿಗೆಯೊಳಗೆ ಸವರಿಕೊಂಡು ಅಂಟತೊಡಗಿತು. ಅದಕ್ಕೆ ತವರ ಮತ್ತು ಆಂಟಿಮನಿ ಎಂಬ ಲೋಹ ಬೆರೆಸಿ ಸೀಸವನ್ನು ಗಟ್ಟಿ ಮಾಡಿದರು.

ಪತ್ರಿಕೋದ್ಯಮ ಓದಿದ ನಮಗೆ ಇಲ್ಲಿ ಒಂದು ಅಚ್ಚರಿ ಕಾದಿತ್ತು. ಇದೇ ಮೂರು ಲೋಹಗಳ ಬೆರಕೆಯಿಂದಲೇ ಮುದ್ರಣಾಲಯದ ಅಚ್ಚುಮೊಳೆಗಳೂ ಆಗುತ್ತಿದ್ದವು. ಲೈನೋಟೈಪ್ ಯಂತ್ರದ ಲೋಹದಲ್ಲಿ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1978ರ ಜುಲೈ 2ರ ಸಂಚಿಕೆಯೊಂದಿಗೆ ಸೀಸದ ಅಚ್ಚು ನಿಲ್ಲಿಸಿತು. ಅಲ್ಲಿನ ಮುದ್ರಣಾಲಯಗಳು ಹೀಗೆ ಒಂದೊಂದಾಗಿ ಆಫ್‌ಸೆಟ್‌ಗೆ ಹೋದಂತೆ ಹಳೆಯ ಅಚ್ಚಿನ ಲೋಹ ಗುಂಡು ಎರೆಯುವವರ ಪಾತ್ರೆಗೂ ಬಂತು. ಸುದ್ದಿ ಹೇಳಿದ ಅಕ್ಷರವೇ ಗುಂಡಾಯಿತು.

ಅವರು ತೀರ್ಮಾನಿಸುವ ಬಗೆ

ಇಂದು ಅಲ್ಲಿ ಒಬ್ಬರಿಗೆ ಅಜ್ಜನ ಶೆಡ್ಡಿನಲ್ಲಿ ಹಳೆಯ ಗುಂಡಿನ ಡಬ್ಬಿ ಸಿಕ್ಕಿತು ಅನ್ನಿ. ಇವು ಮದ್ದು ತುಂಬದ ಬರೀ ಸೀಸದ ಗುಂಡುಗಳು. ತಿಳಿದವರು ಮೊದಲು ಡಬ್ಬಿಯ ಮೇಲಿನ ಚೀಟಿ ಓದುತ್ತಾರೆ. ಯಾವ ಅಚ್ಚು, ಯಾವ ಬೆರಕೆ, ಯಾವ ವರ್ಷ? ಆಮೇಲೆ ದಪ್ಪ ಅಳೆಯುತ್ತಾರೆ. ಗುಂಡು ನಳಿಗೆಗಿಂತ ಕೂದಲೆಳೆ ಸಣ್ಣದಾದರೂ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ಸೀಸವನ್ನು ನಳಿಗೆಗೆ ಮೆತ್ತುತ್ತದೆ. ಗಡಸುತನವನ್ನೂ ನೋಡುತ್ತಾರೆ. ಬಿಸಿ ಇರುವಾಗಲೇ ನೀರಿಗೆ ಹಾಕಿ ಗಟ್ಟಿ ಮಾಡಿದ ಗುಂಡು ವರ್ಷಗಳು ಕಳೆದಂತೆ ತುಸು ಮೆತ್ತಗಾಗುವುದುಂಟು. ಒಣಗಿದ ಮೇಣವನ್ನು ತೆಗೆದು ಮತ್ತೆ ಹಚ್ಚಬಹುದು. ಬಿಳಿ ಪುಡಿ ಎದ್ದಿದ್ದರೆ ಎಚ್ಚರ, ಅದೂ ಸೀಸದ ವಿಷವೇ.

ಅಳತೆ ಕೂಡಿ ಬಂದು, ಬೆರಕೆ ಗೊತ್ತಿದ್ದರೆ ಹಾರಿಸುತ್ತಾರೆ. ಇಲ್ಲದಿದ್ದರೆ ಕರಗಿಸುತ್ತಾರೆ. ಕರಗಿಸುವುದರಲ್ಲೂ ನಷ್ಟವಿದೆ. ಗಟ್ಟಿ ಗುಂಡನ್ನು ಮೆತ್ತನೆಯ ಸೀಸದ ಜೊತೆ ಸೇರಿಸಿದರೆ ಮನೆಯಲ್ಲಿ ಮತ್ತೆ ಬೇರ್ಪಡಿಸಲಾಗದು. ಸತು ಸೇರಿಬಿಟ್ಟರೆ ಇಡೀ ಪಾತ್ರೆಯ ಎರಕ ಕೆಡುತ್ತದೆ. ಕರಗಿದ ಸೀಸದೊಳಗೆ ಒಂದು ಹನಿ ನೀರು ಹೋದರೂ ಅದು ಸಿಡಿದು ಮೈ ಸುಡುತ್ತದೆ. ಕಿಟ್ಟದ ಧೂಳು ಕೈಯಿಂದ ಬಾಯಿಗೆ ಹೋಗುತ್ತದೆ.

ಮೂರನೆಯ ಉತ್ತರ

1876ರ ಜೂನ್‌ನಲ್ಲಿ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ, ಶಯಾನ್ ಮೂಲನಿವಾಸಿಗಳಿಗೂ ಅಮೆರಿಕದ ಸೇನೆಗೂ ಕಾಳಗವಾಯಿತು. ಸೇನಾಧಿಕಾರಿ ಕಸ್ಟರ್ ಮತ್ತು ಆತನ ಜೊತೆಗಿದ್ದ 200ಕ್ಕೂ ಹೆಚ್ಚು ಮಂದಿ ಸತ್ತರು. ಕೊನೆಯ ಉಸಿರಿರುವವರೆಗೂ ಒಂದೇ ಕಡೆ ನಿಂತು ಕಾದಾಡಿದ ವೀರ ಎಂದು ಕಸ್ಟರ್‌ನನ್ನು ಚಿತ್ರಗಳು, ಸಿನಿಮಾಗಳು ಕೊಂಡಾಡಿದವು. ಅಲ್ಲೇ ಹೋರಾಡಿದ್ದ ಮೂಲನಿವಾಸಿಗಳು ಹೇಳಿದ್ದಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ.

1983ರಲ್ಲಿ ಆ ಬಯಲಿಗೆ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟಿತು. ಮರುವರ್ಷ ಡಗ್ಲಾಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಮೊದಲಾದ ಪುರಾತತ್ವ ತಜ್ಞರು ಲೋಹಶೋಧಕ ಹಿಡಿದು ಅಂಗುಲ ಅಂಗುಲ ಹುಡುಕಿದರು. ಸಿಕ್ಕ ಪ್ರತಿಯೊಂದು ಗುಂಡು, ತೋಟೆಯ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದರು. ಗುಂಡಿನ ಮೇಲೆ ನಳಿಗೆಯ ಗೀರು ಉಳಿದಿರುತ್ತದೆ, ತೋಟೆಯ ಮೇಲೆ ಕೋವಿಯ ಮುಳ್ಳಿನ ಗುರುತು. ಅದರಿಂದ ಒಂದೊಂದು ಕೋವಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದೇ ಹೇಳಲು ಸಾಧ್ಯವಾಯಿತು.

ಮೂಲನಿವಾಸಿಗಳ ಬಳಿ ಒಂದರ ಹಿಂದೊಂದು ಈಡು ಹಾರಿಸಬಲ್ಲ ಹೆನ್ರಿ, ವಿಂಚೆಸ್ಟರ್ ಬಂದೂಕುಗಳು ಬಹಳ ಇದ್ದವು ಎಂಬುದು ಖಚಿತವಾಯಿತು. ಸೈನಿಕರ ಸಾಲು ಒಡೆದು ಚದುರಿತ್ತು ಎಂಬ ಅವರ ಮಾತಿಗೂ ನೆಲ ಸಾಕ್ಷಿ ಹೇಳಿತು. ಆ ಗುಂಡುಗಳನ್ನು ಯಾರಾದರೂ ಆಯ್ದು ಕರಗಿಸಿದ್ದರೆ ಈ ಸಾಕ್ಷಿಯೂ ಕರಗಿ ಹೋಗುತ್ತಿತ್ತು. ಅಂದರೆ ಮೂರನೆಯ ಉತ್ತರ ಇದು: ಹಾರಿಸಬೇಡ, ಕರಗಿಸಬೇಡ, ಇದ್ದಲ್ಲೇ ಇರಲಿ.

ನಮ್ಮ ನೆಲದ ಮಾತು

ಇದು ದೂರದ ಕಥೆಯಲ್ಲ. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಳೆಯ ಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ತುಕ್ಕು ಹಿಡಿದ ಆ ಕೊಳವೆಗಳನ್ನು ಗುಜರಿಗೆ ಹಾಕಿದ್ದರೆ ಕೆಜಿಗೆ ಇಷ್ಟು ಎಂದು ಹೋಗಿಬಿಡುತ್ತಿದ್ದವು. ಇಲಾಖೆಯ ಕೈಗೆ ಬಂದದ್ದರಿಂದ ಮೈಸೂರಿನ ರಾಕೆಟ್ ವಿದ್ಯೆಗೆ ಕೈಯಲ್ಲಿ ಹಿಡಿದು ತೋರಿಸಬಹುದಾದ ಪುರಾವೆ ಸಿಕ್ಕಿತು.

ನಮ್ಮ ನಾಡಿನಲ್ಲಿ ಕೋಟೆ ಇರುವ ಊರುಗಳಿಗೆ ಲೆಕ್ಕವಿಲ್ಲ. ಉಳುವಾಗ, ಪಾಯ ತೋಡುವಾಗ, ಬಾವಿ ಹೂಳೆತ್ತುವಾಗ ಸೀಸದ ಗುಂಡೋ ಕಬ್ಬಿಣದ ಉಂಡೆಯೋ ಸಿಕ್ಕರೆ ಒಲೆಗೂ ಒಯ್ಯಬೇಡಿ, ಗುಜರಿಗೂ ಕೊಡಬೇಡಿ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಸಿಕ್ಕ ಜಾಗದ ಫೋಟೋ ತೆಗೆದು ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಮದ್ದು ತುಂಬಿದ ತೋಟೆಯಂತೆ ಕಂಡರೆ ಮುಟ್ಟದೆ ಪೊಲೀಸರಿಗೆ ಹೇಳಿ. ಪರವಾನಗಿ ಇಲ್ಲದೆ ಮದ್ದುಗುಂಡು ಇಟ್ಟುಕೊಳ್ಳುವುದು, ತಯಾರಿಸುವುದು ನಮ್ಮಲ್ಲಿ ಅಪರಾಧ ಎಂಬುದೂ ನೆನಪಿರಲಿ.

ಸೀಸವನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು. ಅದು ಬಿದ್ದಿದ್ದ ಜಾಗ ಹೇಳುವ ಮಾತನ್ನು ಮಾತ್ರ ಇನ್ನೊಮ್ಮೆ ಎರಕ ಹೊಯ್ಯಲು ಆಗುವುದಿಲ್ಲ.